ತಲೆ-ಕೊರಳುಗಳ ಕ್ಯಾನ್ಸರಿನಲ್ಲಿ ಅನುವರ್ತಿ ವಿಕಿರಣ ಚಿಕಿತ್ಸೆ

ವಿಕಿರಣ ಚಿಕಿತ್ಸೆಯ ಯೋಜನೆಯು ಒಂದು ದಿನ ತೆಗೆದ ಸಿ.ಟಿ. ಚಿತ್ರವನ್ನು ಆಧರಿಸಿದುದು, ಚಿಕಿತ್ಸೆಯಾದರೋ ಏಳು ವಾರಗಳ ಕಾಲ ನಡೆಯತಕ್ಕದ್ದು. ಗಂಟಲು, ನಾಲಿಗೆಯ ಬುಡ, ಧ್ವನಿಪೆಟ್ಟಿಗೆ ಮೊದಲಾದ ಸ್ಥಾನಗಳ ಕ್ಯಾನ್ಸರಿಗೆ ಸಾಮಾನ್ಯವಾಗಿ 70 ಗ್ರೇ ಪ್ರಮಾಣದ ವಿಕಿರಣವನ್ನು 35 ಕಂತುಗಳಲ್ಲಿ, ವಾರಕ್ಕೆ ಐದರಂತೆ, ಕೊಡುವುದು ವಾಡಿಕೆ. ಬಿಸಿನೀರಿನಲ್ಲಿ ಮೆದುವಾಗುವ ಪ್ಲಾಸ್ಟಿಕ್ಕಿನ ಹಾಳೆಯನ್ನು ರೋಗಿಯ ಮುಖದ ಮೇಲೆ ಎಳೆದು ಮುಖವಾಡವನ್ನು ಅಚ್ಚೊತ್ತಿಕೊಂಡು, ಪ್ರತಿದಿನವೂ ತಲೆಯು ಅದೇ ಭಂಗಿಯಲ್ಲಿರುವಂತೆ ಮಾಡುತ್ತಾರೆ. ಭಂಗಿಯನ್ನು ಹೀಗೆ ಸ್ಥಿರಗೊಳಿಸಬಹುದು; ದೇಹವನ್ನು ಸ್ಥಿರಗೊಳಿಸುವ ಉಪಾಯವಿಲ್ಲ.

ಕೊರಳಿನಲ್ಲಿ ಅಂಗಗಳು ಬಹಳ ಇಕ್ಕಟ್ಟಾಗಿವೆ. ಗಂತಿಯ ಬಳಿಯಲ್ಲಿಯೇ ಬೆನ್ನುಹುರಿ, ನುಂಗುವ ಸ್ನಾಯುಗಳು, ಕಿವಿಯ ಬುಡದ ಪರೋಟಿಡ್ ಲಾಲಾಗ್ರಂಥಿಗಳು ಇವೆ. ಈ ಗ್ರಂಥಿಗೆ ತಗಲುವ ಸರಾಸರಿ ಪ್ರಮಾಣವನ್ನು ಸುಮಾರು 26 ಗ್ರೇಯೊಳಗೆ ಇರಿಸಬೇಕೆಂಬುದು ವೈದ್ಯರ ಗುರಿ. ಅದನ್ನು ಬಹಳವಾಗಿ ಮೀರಿದಲ್ಲಿ ಜೊಲ್ಲಿನ ಸ್ರಾವವು ಮರಳುವುದು ದುರ್ಲಭ. ಬಾಯೊಣಗುವುದೆಂದರೆ ಬರಿಯ ಬಾಯಾರಿಕೆಯೆಂದು ಭಾವಿಸಲಾಗದು. ಅಂಥವನು ಗುಟುಕು ನೀರಿಲ್ಲದೆ ಅನ್ನದ ತುತ್ತನ್ನು ನುಂಗಲಾರ. ರುಚಿ ಕೆಡುತ್ತದೆ, ಹಲ್ಲುಗಳು ಹುಳುಕಾಗುತ್ತವೆ, ರಾತ್ರಿ ನಾಲಿಗೆ ಅಂಗುಳಕ್ಕೆ ಅಂಟಿ ನಿದ್ರಾಭಂಗವಾಗುತ್ತದೆ. ಕಿರಣಗಳ ತೀವ್ರತೆಯನ್ನು ಬಿಂದುಬಿಂದುವಿಗೂ ಬದಲಿಸಿ ಗ್ರಂಥಿಯನ್ನು ಉಳಿಸುವ ವಿಧಾನದಿಂದ ಈ ಕಷ್ಟ ತಗ್ಗಿತು. 2011ರಲ್ಲಿ ಪ್ರಕಟವಾದ, 94 ರೋಗಿಗಳ ಬ್ರಿಟಿಷ್ ಪರೀಕ್ಷೆಯಲ್ಲಿ, ಒಂದು ವರ್ಷದ ಅನಂತರ ಗಣನೀಯವಾಗಿ ಬಾಯೊಣಗಿದವರು ಹಳೆಯ ವಿಧಾನದಲ್ಲಿ ಶೇಕಡ 74, ಹೊಸದರಲ್ಲಿ ಶೇಕಡ 38.

ಆದರೆ ಇಷ್ಟು ಸೂಕ್ಷ್ಮವಾಗಿ ಕೆತ್ತಿದ ಯೋಜನೆಗೆ ಅದರ ಸೂಕ್ಷ್ಮತೆಯೇ ಅಪಾಯ. ಪ್ರಮಾಣವು ಕೆಲವೇ ಮಿಲಿಮೀಟರುಗಳಲ್ಲಿ ಕಡಿದಾಗಿ ಇಳಿಯುವುದರಿಂದ, ಅಂಗವು ಸ್ವಲ್ಪ ಸರಿದರೂ ಲೆಕ್ಕ ತಪ್ಪುತ್ತದೆ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಬಾರ್ಕರ್ ಮತ್ತು ಸಂಗಡಿಗರು 14 ರೋಗಿಗಳಿಗೆ ಚಿಕಿತ್ಸೆಯುದ್ದಕ್ಕೂ ವಾರಕ್ಕೆ ಮೂರು ಬಾರಿ ಸಿ.ಟಿ. ತೆಗೆದು, ಫಲಿತಾಂಶವನ್ನು 2004ರಲ್ಲಿ ಪ್ರಕಟಿಸಿದರು. ಗಂತಿಯು ಚಿಕಿತ್ಸೆಯ ದಿನವೊಂದಕ್ಕೆ ತನ್ನ ಮೂಲ ಗಾತ್ರದ ಸುಮಾರು ಶೇಕಡ 1.8ರಂತೆ ಕುಗ್ಗುತ್ತಿತ್ತು. ಪರೋಟಿಡ್ ಗ್ರಂಥಿಗಳೂ ಕುಗ್ಗಿ, ಸುಮಾರು 3 ಮಿಲಿಮೀಟರು ಒಳಮುಖವಾಗಿ ಸರಿದಿದ್ದವು. ರೋಗಿಯ ತೂಕ ಇಳಿದಷ್ಟೂ ಈ ಸರಿತ ಹೆಚ್ಚು. ಒಳಮುಖವೆಂದರೆ, ದುರದೃಷ್ಟವಶಾತ್, ಹೆಚ್ಚು ವಿಕಿರಣವಿರುವ ಕಡೆಗೇ!

ಇದಕ್ಕೆ ಪರಿಹಾರವಾಗಿ, ಮಿಶಿಗನ್ನಿನ ವಿಲಿಯಂ ಬೋಮಾಂಟ್ ಆಸ್ಪತ್ರೆಯ ಡಿ ಯಾನ್ ಮತ್ತು ಸಹೋದ್ಯೋಗಿಗಳು 1997ರಲ್ಲಿ ಅನುವರ್ತಿ ಚಿಕಿತ್ಸೆಯ ತತ್ತ್ವವನ್ನು ಮಂಡಿಸಿದರು. ಚಿಕಿತ್ಸೆಯ ಕಾಲದಲ್ಲಿ ಕಂಡ ಬದಲಾವಣೆಗಳನ್ನು ಅಳೆದು, ಆ ಅಳತೆಯಿಂದಲೇ ಮುಂದಿನ ಯೋಜನೆಯನ್ನು ತಿದ್ದುವುದೇ ಇದರ ಸಾರ. ಈಗ ಚಿಕಿತ್ಸಾಯಂತ್ರಕ್ಕೇ ಜೋಡಿಸಿದ ಸಿ.ಟಿ.ಯಿಂದ ಪ್ರತಿದಿನದ ಸ್ಥಿತಿಯನ್ನು ನೋಡಬಹುದು. ರೋಗಿ ಮೇಜಿನ ಮೇಲೆ ಮಲಗಿರುವಾಗಲೇ ಯೋಜನೆಯನ್ನು ತಿದ್ದುವ ಯಂತ್ರಗಳೂ ಬಂದಿವೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಗಂತಿ ಕುಗ್ಗಿತೆಂದು ಕಿರಣದ ಕ್ಷೇತ್ರವನ್ನೂ ಅದರೊಡನೆ ಕುಗ್ಗಿಸುವಂತಿಲ್ಲ. ಅದು ಮೊದಲು ವ್ಯಾಪಿಸಿದ್ದ ಊತಕದಲ್ಲಿ ಕಣ್ಣಿಗೆ ಕಾಣದ ಜೀವಕೋಶಗಳು ಉಳಿದಿರಬಹುದು.

ಹಾಗಾದರೆ ಎಲ್ಲರಿಗೂ ವಾರವಾರವೂ ಹೊಸ ಯೋಜನೆ ಬೇಕೆ? ಫ್ರಾನ್ಸಿನಲ್ಲಿ ಗಂಟಲಿನ ಕ್ಯಾನ್ಸರಿನ 132 ರೋಗಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದು ವರ್ಷದ ಅನಂತರ ಅಳೆದ ಜೊಲ್ಲಿನ ಹರಿವಿನಲ್ಲಿ ಎರಡು ಗುಂಪುಗಳಿಗೂ ಗಣ್ಯವಾದ ವ್ಯತ್ಯಾಸ ಕಾಣಲಿಲ್ಲ. ಇದರಿಂದ ತತ್ತ್ವವೇ ಹುಸಿಯೆಂದು ತೀರ್ಮಾನಿಸುವುದು ಆತುರವಾದೀತು. ಆಯ್ಕೆಯಿಲ್ಲದೆ ಎಲ್ಲರಿಗೂ ಅನ್ವಯಿಸಿದರೆ ಪ್ರಯೋಜನ ತೋರದೆಂಬುದಷ್ಟೇ ಸಿದ್ಧವಾಗಿದೆ. ಕೊರಳಿನಲ್ಲಿ ದೊಡ್ಡ ಗಡ್ಡೆಗಳಿರುವವರು, ಬೇಗನೆ ತೂಕ ಕಳೆದುಕೊಳ್ಳುವವರು, ಮುಖವಾಡ ಸಡಿಲವಾದವರು ಬೇರೆಯ ವರ್ಗ. ಹೊಗೆಸೊಪ್ಪು-ಅಡಕೆಗಳ ರೂಢಿಯಿಂದ ಬಾಯಿಯ ಕ್ಯಾನ್ಸರು ಹೆಚ್ಚಾಗಿರುವ ನಮ್ಮ ದೇಶದಲ್ಲಿ ಯಂತ್ರಗಳು ಸಾಲವು. ಒಬ್ಬನ ಯೋಜನೆಯನ್ನು ವೃಥಾ ತಿದ್ದಲು ವ್ಯಯವಾದ ಗಂಟೆಗಳು ಸಾಲಿನಲ್ಲಿ ಕಾದಿರುವ ಮತ್ತೊಬ್ಬನವು. ಆ ಕಾರಣ, ವಾರಕ್ಕೊಮ್ಮೆ ರೋಗಿಯನ್ನು ತೂಗಿ, ಮುಖವಾಡದ ಬಿಗಿಯನ್ನು ಪರೀಕ್ಷಿಸಿ, ಮಾರ್ಪಾಡು ಕಂಡವರಿಗೆ ಮಾತ್ರ ಮೂರು ನಾಲ್ಕನೆಯ ವಾರದ ಹೊತ್ತಿಗೆ ಮರಳಿ ಸಿ.ಟಿ. ತೆಗೆಯುವುದು ಸದ್ಯಕ್ಕೆ ಯುಕ್ತವೆಂದು ತೋರುತ್ತದೆ.