ಹಿಂದೆ ಸರಿಯುವ ಲಾರಿಗೆ ದನಿ ಬಂದದ್ದು

ಹಮಾಲರು ಮೂಟೆ ಹೊತ್ತು ಓಡಾಡುವ ಗೋದಾಮಿನ ಅಂಗಳದಲ್ಲಿ ಲಾರಿಯ ಹಿಂಬದಿ ಬಲು ಅಪಾಯದ ಜಾಗ. ಬಾಡಿಯ ನೇರ ಹಿಂದೆ ನಿಂತವರು ಚಾಲಕನ ಪಕ್ಕದ ಕನ್ನಡಿಗಳಲ್ಲಿ ಕಾಣುವುದಿಲ್ಲ. ನಮ್ಮಲ್ಲಿ ಆ ಜಾಗಕ್ಕೆ ಕಣ್ಣಾಗಿದ್ದವನು ಕ್ಲೀನರ್. ಕೆಳಗಿಳಿದು ಬಾಡಿ ತಟ್ಟುತ್ತ ‘ಬರ್ಲಿ ಬರ್ಲಿ’ ಎನ್ನುತ್ತಿದ್ದ. ಯಾರಾದರೂ ಅಡ್ಡ ಬಂದರೆ ‘ಹೋಲ್ಡಾನ್’ ಎಂದು ಕೂಗುತ್ತಿದ್ದ.

ಆ ಕೂಗನ್ನು ಯಂತ್ರಕ್ಕೆ ಒಪ್ಪಿಸಿದ್ದು 1960ರ ದಶಕ. ಜಪಾನಿನ ಮತ್ಸುಸಬುರೊ ಯಮಗುಚಿ ರೂಪಿಸಿದ ‘ಬೀಪ್’ ಸಾಧನ 1963ರಲ್ಲಿ ತಯಾರಾಯಿತು. ಅದೇ ದಶಕದಲ್ಲಿ ಅಮೆರಿಕದ ಐಡಹೊ ರಾಜ್ಯದ ಬಾಯ್ಸಿಯಲ್ಲಿ ಎಡ್ ಪೀಟರ್ಸನ್ ತಮ್ಮದೊಂದನ್ನು ಮಾಡಿದರು. ಹೂವರ್ ಅಣೆಕಟ್ಟು ಕಟ್ಟಿದ ಗುತ್ತಿಗೆದಾರರಲ್ಲಿ ಒಂದಾದ, ಅದೇ ಊರಿನ ಮಾರಿಸನ್-ನಡ್ಸನ್ ಸಂಸ್ಥೆ ಅದನ್ನು ಕೊಂಡಿತು.

ಅಮೆರಿಕದಲ್ಲಿ 1970ರ ಕಾರ್ಮಿಕ ಸುರಕ್ಷತಾ ಕಾಯ್ದೆಯ ಬೆನ್ನಿಗೆ ನಿರ್ಮಾಣ ಕಾಮಗಾರಿಗಳಿಗೆ ನಿಯಮ ಬಂತು. ಹಿಂದಿನ ನೋಟ ಮರೆಯಾದ ವಾಹನ ಹಿಂದೆ ಸರಿಯಬೇಕಾದರೆ ಸುತ್ತಲಿನ ಗದ್ದಲವನ್ನೂ ಮೀರಿ ಕೇಳುವ ಸದ್ದಿರಬೇಕು; ಇಲ್ಲವೇ ಸನ್ನೆ ಮಾಡಲು ಒಬ್ಬ ಆಳಿರಬೇಕು. ಸದ್ದೊಂದಿದ್ದರೆ ಆಳು ಬೇಡ ಎನ್ನುವವರಿಗೆ ಇಲ್ಲೇ ಬಾಗಿಲು ತೆರೆಯಿತು ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಆ ಸದ್ದಿಗೆ ಒಂದು ದೊಡ್ಡ ಕೊರತೆಯಿದೆ. ಸಾಮಾನ್ಯ ಬೀಪರ್ ಹೊರಡಿಸುವುದು ಸುಮಾರು 1000 ಹರ್ಟ್ಸ್‌ನ ಒಂದೇ ಸ್ವರ. ಸದ್ದು ಎರಡು ಕಿವಿಗಳನ್ನು ತಲುಪುವ ಹೊತ್ತಿನ ಮತ್ತು ಜೋರಿನ ವ್ಯತ್ಯಾಸದಿಂದ ನಾವು ದಿಕ್ಕು ತಿಳಿಯುತ್ತೇವೆ. ಒಂಟಿ ಸ್ವರದಲ್ಲಿ ಆ ಸುಳಿವು ತೀರ ಕಡಿಮೆ. ಗೋಡೆ, ತಗಡುಗಳಿಗೆ ಬಡಿದು ಮರಳಿದರಂತೂ ಲಾರಿ ಎಡಕ್ಕಿದೆಯೋ ಬಲಕ್ಕಿದೆಯೋ ಹೊಳೆಯುವುದಿಲ್ಲ. ನಾಲ್ಕು ಲಾರಿಗಳು ಒಟ್ಟಿಗೆ ಕಿರುಚುವಲ್ಲಿ, ದಿನವಿಡೀ ಅದನ್ನೇ ಕೇಳುವ ಹಮಾಲ ತಲೆ ಎತ್ತುವುದನ್ನೇ ಬಿಡುತ್ತಾನೆ. ಅದಕ್ಕೇ ಮುಂದೆ ಹಲವು ಕಂಪನಾಂಕಗಳನ್ನು ಬೆರೆಸಿ ‘ಶ್‌ಶ್’ ಎನ್ನುವ ಸಾಧನಗಳು ಬಂದವು. ಅವುಗಳ ದಿಕ್ಕು ಬೇಗ ತಿಳಿಯುತ್ತದೆ. ದೂರದ ಮನೆಗಳ ನಿದ್ದೆಗೂ ಕಾಟ ಕಡಿಮೆ.

ಹಾಗಿದ್ದರೂ ಯಾವ ಸದ್ದೂ ಲಾರಿಯನ್ನು ನಿಲ್ಲಿಸುವುದಿಲ್ಲ. ತಪ್ಪಿಸಿಕೊಳ್ಳುವ ಹೊಣೆಯನ್ನು ಬೆನ್ನ ಮೇಲೆ ಮೂಟೆ ಹೊತ್ತವನ ಮೇಲೇ ಹಾಕುತ್ತದೆ. ಇದು ಅನ್ಯಾಯ. ಗೋದಾಮು, ಮಂಡಿಗಳ ಮಾಲೀಕರು ಆಳು ನಡೆಯುವ ದಾರಿಯನ್ನು ಲಾರಿಯ ದಾರಿಯಿಂದ ಬೇರ್ಪಡಿಸಿ ಕಟಕಟೆ ಹಾಕಿಸಲಿ. ಹಿಂದೆ ನಿಂತು ನೋಡುವವನೊಬ್ಬನಿಗೆ ಸಂಬಳ ಕೊಡಲಿ. ಅವನು ಚಾಲಕನ ಕನ್ನಡಿಯಿಂದ ಮರೆಯಾದ ಕ್ಷಣವೇ ಲಾರಿ ನಿಲ್ಲಬೇಕೆಂದು ಕಟ್ಟಪ್ಪಣೆ ಮಾಡಲಿ.