ಬಡಾವಣೆಯ ಆಟದಂಗಳಕ್ಕೆ ಅನುದಾನ: ಶಾಲು, ಹಾರಕ್ಕಿಂತ ಮೊದಲು ಬೇಕಾದ ಕಾಗದಪತ್ರ

ಮುಂಬಯಿ: ಮಹಾನಗರದ ತುಳು-ಕನ್ನಡಿಗರ ಸಂಘ-ಸಂಸ್ಥೆಗಳ ವಾರ್ಷಿಕ ಕ್ರೀಡಾಕೂಟವೆಂದರೆ ಪುರುಷರಿಗೆ ವಾಲಿಬಾಲ್, ಮಹಿಳೆಯರಿಗೆ ತ್ರೋಬಾಲ್, ಎಲ್ಲರಿಗೂ ಹಗ್ಗಜಗ್ಗಾಟ ಇದ್ದದ್ದೇ. ಆ ಒಂದು ದಿನಕ್ಕೆ ಮೈದಾನ ಬಾಡಿಗೆಗೆ ಸಿಗುತ್ತದೆ. ಉಳಿದ 364 ದಿನ ಅಭ್ಯಾಸ ಎಲ್ಲಿ? ಬಡಾವಣೆಯ ಉದ್ಯಾನದ ಮೂಲೆಯಲ್ಲಿರುವ ಅಂಗಳವೇ ಗತಿ. ಅಲ್ಲಿ ಮಂಟಪ ಹಾಕಿದವರು ತೋಡಿದ ಗುಂಡಿಗಳು ಹಾಗೆಯೇ ಉಳಿದಿರುತ್ತವೆ, ಕಂಬ ತುಕ್ಕು ಹಿಡಿದಿರುತ್ತದೆ, ಸಂಜೆ ಏಳರ ನಂತರ ದೀಪವಿಲ್ಲ. ಗಂಡು ಮಕ್ಕಳು ಹೇಗೋ ಹೊಂದಿಸಿಕೊಂಡು ಆಡುತ್ತಾರೆ. ಕಚೇರಿಯಿಂದ ಲೋಕಲ್ ಹಿಡಿದು ಬರುವ ಮಹಿಳೆಯರು, ಟ್ಯೂಷನ್ ಮುಗಿಸಿ ಬರುವ ಹುಡುಗಿಯರು ಕತ್ತಲಲ್ಲಿ ಆಡುವಂತಿಲ್ಲ. ಅಂಗಳ ಹಾಳಾದಾಗ ಮೊದಲು ಆಟ ಬಿಡುವವರು ಅವರೇ.

ಇಂತಹ ಅಂಗಳದ ದುರಸ್ತಿಗೆ ಸರಕಾರದ ಹಣ ಇಲ್ಲವೆಂದಲ್ಲ. 1993ರ ಡಿಸೆಂಬರ್‌ನಲ್ಲಿ ಆರಂಭವಾದ ಸಂಸದರ ಪ್ರದೇಶಾಭಿವೃದ್ಧಿ ಯೋಜನೆಯಡಿ 2011-12ರಿಂದ ಪ್ರತಿ ಸಂಸದರಿಗೆ ವರ್ಷಕ್ಕೆ 5 ಕೋಟಿ ರೂ. ನಿಗದಿಯಾಗಿದೆ. ಶಾಸಕರಿಗೂ ನಗರಸೇವಕರಿಗೂ ಪ್ರತ್ಯೇಕ ನಿಧಿಗಳಿವೆ. ಆದರೆ ನಮ್ಮಲ್ಲಿ ರೂಢಿಯಾಗಿರುವ ಕ್ರಮವೇ ಬೇರೆ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಅತಿಥಿಗೆ ಶಾಲು ಹೊದಿಸಿ, ಫಲಪುಷ್ಪ ನೀಡಿ, ನಾಲ್ಕು ಸಾಲಿನ ಮನವಿ ಪತ್ರ ಕೊಡುವುದು. ಅತಿಥಿ ಭರವಸೆ ಕೊಡುತ್ತಾರೆ, ಸಭೆ ಚಪ್ಪಾಳೆ ತಟ್ಟುತ್ತದೆ. ಮರುವರ್ಷವೂ ಅದೇ ಮನವಿ, ಅದೇ ಶಾಲು. ಊರಿನ ಸಂಸದರು ಮುಂಬಯಿಗೆ ಬಂದಾಗಲೂ ಇದೇ ನಡೆಯುತ್ತದೆ, ಅವರ ನಿಧಿ ಬಹುಮಟ್ಟಿಗೆ ಅವರ ಕ್ಷೇತ್ರಕ್ಕೇ ಸೀಮಿತ ಎಂಬುದು ಗೊತ್ತಿದ್ದರೂ. ಅದರ ಬದಲು ಮಹಾರಾಷ್ಟ್ರದಿಂದ ಆಯ್ಕೆಯಾದ ರಾಜ್ಯಸಭಾ ಸದಸ್ಯರನ್ನು ಕಂಡರೆ ಪ್ರಯೋಜನವಾದೀತು. ಅವರು ರಾಜ್ಯದ ಯಾವ ಜಿಲ್ಲೆಯ ಕಾಮಗಾರಿಗೂ ಶಿಫಾರಸು ಮಾಡಬಹುದು.

ಸಂಸದರ ಕೆಲಸ ಶಿಫಾರಸು ಮಾತ್ರ. ಮಂಜೂರಾತಿ ಜಿಲ್ಲಾಡಳಿತದ್ದು, ಕಾಮಗಾರಿ ನಡೆಸುವುದು ನಿಗದಿತ ಸರಕಾರಿ ಸಂಸ್ಥೆ. ಸಂಘದ ಖಾತೆಗೆ ಚೆಕ್ ಬರುತ್ತದೆಂದು ಕಾದವರು ನಿರಾಶರಾಗುವುದು ಇಲ್ಲಿಯೇ. ಚುನಾವಣೆ ಘೋಷಣೆಯಾಗಿ ನೀತಿಸಂಹಿತೆ ಜಾರಿಗೆ ಬಂದರೆ ಹೊಸ ಕಾಮಗಾರಿ ಕೈಗೆತ್ತಿಕೊಳ್ಳುವಂತಿಲ್ಲ. 2022ರ ಮಾರ್ಚ್‌ನಿಂದ 2026ರ ಜನವರಿಯ ಚುನಾವಣೆಯವರೆಗೆ ಮುಂಬಯಿ ಪಾಲಿಕೆಯಲ್ಲಿ ಚುನಾಯಿತ ಸದಸ್ಯರೇ ಇರಲಿಲ್ಲ. ನಗರಸೇವಕರ ಬಾಗಿಲು ಬಿಟ್ಟರೆ ಬೇರೆ ದಾರಿ ತಿಳಿಯದ ಸಂಘಗಳಿಗೆ ಆಗ ಯಾರಲ್ಲಿಗೆ ಹೋಗಬೇಕೆಂದೇ ತೋಚದಂತಾಯಿತು.

ಅರ್ಜಿಗೆ ಮೊದಲು ಆ ಜಾಗ ಯಾರದ್ದು ಎಂದು ತಿಳಿಯಬೇಕು. ಪಾಲಿಕೆಯ ಉದ್ಯಾನವೇ, ಮ್ಹಾಡಾದ ಜಾಗವೇ, ಹೌಸಿಂಗ್ ಸೊಸೈಟಿಯದ್ದೇ? ನಗರ ಅಭಿವೃದ್ಧಿ ಯೋಜನೆಯ ನಕ್ಷೆಯಲ್ಲಿ ಅದು ಉದ್ಯಾನವೆಂದಿದೆಯೇ, ಆಟದ ಮೈದಾನವೆಂದಿದೆಯೇ? ಸೊಸೈಟಿಯ ಗೋಡೆಯೊಳಗಿನ, ಸದಸ್ಯರಿಗಷ್ಟೇ ಮೀಸಲಾದ ಅಂಗಳಕ್ಕೆ ಸಾರ್ವಜನಿಕ ನಿಧಿ ಕೇಳುವುದು ವ್ಯರ್ಥ. ಪಾಲಿಕೆಯ ಜಾಗವಾದರೆ ವಾರ್ಡ್ ಕಚೇರಿಯ ಒಪ್ಪಿಗೆ ಪತ್ರ ಬೇಕು. ಅದರ ಜೊತೆಗೆ ಇಂಜಿನಿಯರರು ಸರಕಾರಿ ದರಪಟ್ಟಿಯಂತೆ ಮಾಡಿದ ಅಂದಾಜುಪಟ್ಟಿ ಇದ್ದರೆ ಅರ್ಧ ಕೆಲಸ ಆದಂತೆ.

ಅಂದಾಜುಪಟ್ಟಿಯಲ್ಲಿ 'ಅಂಗಳ ಸುಧಾರಣೆ' ಎಂದಷ್ಟೇ ಬರೆದರೆ ಗುತ್ತಿಗೆದಾರ ಕಾಂಕ್ರೀಟ್ ಸುರಿದು ಹೋಗುತ್ತಾನೆ. ಅದರ ಮೇಲೆ ಹಾರಿ ಆಡುವವರ ಮೊಣಕಾಲಿನ ಗತಿ ಕೇಳುವುದು ಬೇಡ. ವಾಲಿಬಾಲ್ ಅಂಗಳ 18 ಮೀಟರ್ ಉದ್ದ, 9 ಮೀಟರ್ ಅಗಲ, ಸುತ್ತ ಕನಿಷ್ಠ 3 ಮೀಟರ್ ತೆರವು. ತ್ರೋಬಾಲ್‌ನದ್ದು 18.30 ಮೀಟರ್ ಉದ್ದ, 12.20 ಮೀಟರ್ ಅಗಲ. ಒಂದೇ ಅಂಗಳದಲ್ಲಿ ಎರಡಕ್ಕೂ ಗೆರೆ ಎಳೆಯಬಹುದು, ಜಾಗವನ್ನು ಮಾತ್ರ ತ್ರೋಬಾಲ್ ಲೆಕ್ಕದಲ್ಲಿ ಹಿಡಿಯಬೇಕು. ವಾಲಿಬಾಲ್ ಬಲೆಯ ಎತ್ತರ ಪುರುಷರಿಗೆ 2.43 ಮೀಟರ್, ಮಹಿಳೆಯರಿಗೆ 2.24 ಮೀಟರ್. ಆದ್ದರಿಂದ ಬಲೆಯನ್ನು ಏರಿಸಿ ಇಳಿಸಲು ಬರುವ ಕಂಬವೇ ಆಗಬೇಕೆಂದು ಬರೆಸಬೇಕು. ಅಂಗಳದ ಉದ್ದ ಉತ್ತರ-ದಕ್ಷಿಣವಾಗಿದ್ದರೆ ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯದು. ಎಲ್ಲಕ್ಕಿಂತ ಮುಖ್ಯ, ನೀರು ಹರಿದು ಹೋಗಲು ಸಣ್ಣ ಇಳಿಜಾರು ಮತ್ತು ಚರಂಡಿ. ಮುಂಬಯಿಯ ನಾಲ್ಕು ತಿಂಗಳ ಮಳೆಯಲ್ಲಿ ಚರಂಡಿಯಿಲ್ಲದ ಮಣ್ಣಿನ ಅಂಗಳ ಒಂದೇ ವರ್ಷಕ್ಕೆ ಕೆಸರು ಗದ್ದೆಯಾಗುತ್ತದೆ.

ಕಂಪನಿಗಳ ಹಣವೂ ಒಂದು ದಾರಿ. 2013ರ ಕಂಪನಿ ಕಾಯ್ದೆಯಂತೆ ನಿಗದಿತ ಮಟ್ಟ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ನ್ನು ಸಮಾಜಕಾರ್ಯಕ್ಕೆ ವ್ಯಯಿಸಬೇಕು. ಕ್ರೀಡಾ ತರಬೇತಿಯೂ ಅದರ ಪಟ್ಟಿಯಲ್ಲಿದೆ. ಆದರೆ ಸಂಘದ ಮೂಲಕ ಆ ಹಣ ಖರ್ಚಾಗಬೇಕಾದರೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ, ಮೂರು ವರ್ಷಗಳ ಕೆಲಸದ ದಾಖಲೆ ಮತ್ತು 2021ರ ಏಪ್ರಿಲ್‌ನಿಂದ ಕಡ್ಡಾಯವಾಗಿರುವ ಸಿಎಸ್‌ಆರ್-1 ನೋಂದಣಿ ಇರಬೇಕು. ಮಹಾಸಭೆಯಲ್ಲಿ ಲೆಕ್ಕಪತ್ರ ಓದುವಾಗ ಊಟದ ಕಡೆ ಕಣ್ಣು ಹಾಯಿಸುವ ಸದಸ್ಯರಿಗೆ ಆ ಲೆಕ್ಕಪತ್ರದ ಬೆಲೆ ತಿಳಿಯುವುದು ಇಂತಹ ಹೊತ್ತಿನಲ್ಲಿ.

ಇನ್ನೊಂದು ಸೂಕ್ಷ್ಮ ವಿಚಾರ ಫಲಕದ್ದು. ಸರಕಾರಿ ಹಣದಿಂದಾದ ಅಂಗಳ ಸಂಘದ ಸ್ವತ್ತಾಗುವುದಿಲ್ಲ. ಮರಾಠಿ ಹುಡುಗರೂ, ಗುಜರಾತಿ ಹುಡುಗರೂ, ಪಕ್ಕದ ಚಾಳಿನವರೂ ಅಲ್ಲಿ ಆಡುತ್ತಾರೆ. 2016ರ ಜನವರಿಯಲ್ಲಿ ಪಾಲಿಕೆ ಅಂಗೀಕರಿಸಿದ ಬಯಲು ಜಾಗಗಳ ದತ್ತು ನೀತಿಗೆ ನಾಗರಿಕರಿಂದ ತೀವ್ರ ವಿರೋಧ ಬಂತು. ನಿರ್ವಹಣೆಯ ಹೆಸರಿನಲ್ಲಿ ಮೈದಾನಗಳು ಖಾಸಗಿ ಕೈ ಸೇರುತ್ತವೆ ಎಂಬುದೇ ಅವರ ಭಯವಾಗಿತ್ತು. ಅಂದಿನ ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸ್ ಅದಕ್ಕೆ ತಡೆ ನೀಡಿದರು. ಆದ್ದರಿಂದ 'ನಮ್ಮ ಸಂಘದ ಕೋರ್ಟ್' ಎಂದು ಹೊರಡುವುದಕ್ಕಿಂತ ನೆರೆಯ ಸೊಸೈಟಿಗಳ, ಗಣೇಶೋತ್ಸವ ಮಂಡಳದವರ ಸಹಿಯನ್ನೂ ಮನವಿಗೆ ಪಡೆಯುವುದು ಜಾಣತನ. ಮಂಟಪಕ್ಕೆ ಗುಂಡಿ ತೋಡುವವರೂ ಸಹಿ ಹಾಕಿದರೆ, ಹಬ್ಬ ಮುಗಿದ ಮೇಲೆ ಅದನ್ನು ಮುಚ್ಚಿರೆಂದು ಕೇಳುವ ಸಲುಗೆಯೂ ಬರುತ್ತದೆ. ಬಲೆ, ಚೆಂಡು, ಸುಣ್ಣದ ಗೆರೆಯ ಖರ್ಚನ್ನು ಸಂಘದ ಹೊಟೇಲು ಉದ್ಯಮಿಗಳೇ ವಹಿಸಿಕೊಳ್ಳಬಹುದು. ಅದಕ್ಕೆ ಯಾವ ಮಂಜೂರಾತಿಯೂ ಬೇಡ.

ಮಳೆ ನಿಂತ ಮೇಲೆ, ಅಂದರೆ ಅಕ್ಟೋಬರ್‌ನಿಂದ ಮಾರ್ಚ್ ಕೊನೆಯ ಒಳಗೆ ಮಣ್ಣಿನ ಕೆಲಸ ಮುಗಿಯಬೇಕು. ಹಾಗಾಗಬೇಕಾದರೆ ಕಡತ ಮಳೆಗಾಲದಲ್ಲೇ ವಾರ್ಡ್ ಕಚೇರಿ ಸೇರಿರಬೇಕು. ಅಂಗಳದಲ್ಲಿ ನೀರು ಎಲ್ಲೆಲ್ಲಿ ನಿಲ್ಲುತ್ತದೆಂದು ಫೋಟೋ ತೆಗೆದು ಅರ್ಜಿಗೆ ಲಗತ್ತಿಸಲು ಜುಲೈಗಿಂತ ಒಳ್ಳೆಯ ತಿಂಗಳಿಲ್ಲ.