ಊಸರವಳ್ಳಿ ಮರಿ: ಮೊಟ್ಟೆ ಸುಲಭ, ಮೇವು ಕಷ್ಟ

ಅಮೆರಿಕ, ಯುರೋಪಿನ ಹವ್ಯಾಸಿಗಳು ಮನೆಯಲ್ಲೇ ಮರಿ ಮಾಡಿಸುವ ಊಸರವಳ್ಳಿಗಳಲ್ಲಿ ಯೆಮೆನ್ ಊಸರವಳ್ಳಿ ಬಹು ಜನಪ್ರಿಯ. ಯೆಮೆನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗ ಇದರ ತವರು. ನೆತ್ತಿಯ ಮೇಲೆ ಕಿರೀಟದಂತೆ ಎದ್ದ ಏಣು ಇದರ ಗುರುತು. ಮಡಗಾಸ್ಕರಿನ ಪ್ಯಾಂಥರ್ ಊಸರವಳ್ಳಿಗೆ ಇದಕ್ಕಿಂತ ಚೆಂದದ ಬಣ್ಣವಿದೆ. ಆದರೆ ಗಟ್ಟಿ ಜೀವ, ಕೈತುಂಬ ಮೊಟ್ಟೆ ಬೇಕೆಂದರೆ ಯೆಮೆನ್ನಿನದೇ. ಹೊಸಬರು ಇದನ್ನು ಆರಿಸಿಕೊಳ್ಳುವುದು ಅದಕ್ಕೇ. ಸೋಲುವುದೂ ಬಹುಮಟ್ಟಿಗೆ ಅದಕ್ಕೇ.

ಊಸರವಳ್ಳಿ ಒಂಟಿ ಪ್ರಾಣಿ. ಗಂಡಿಗೊಂದು, ಹೆಣ್ಣಿಗೊಂದು ಜಾಲರಿ ಗೂಡು ಬೇಕು. ಹೆಣ್ಣು 6 ತಿಂಗಳೊಳಗೇ ಬೆದೆಗೆ ಬರಬಹುದಾದರೂ ವರ್ಷ ತುಂಬುವ ತನಕ ಕೂಡಿಸದಿರುವುದೇ ಲೇಸು. ಬೆಳೆಯುವ ಮೈಯಿಂದ ಮೊಟ್ಟೆಗೆ ಸುಣ್ಣದಂಶ ಹೋದರೆ ತಾಯಿ ಉಳಿಯುವುದು ಕಷ್ಟ. ಗಂಡಿನ ಗೂಡಿಗೆ ಬಿಟ್ಟಾಗ ಒಪ್ಪಿಗೆಯಿದ್ದ ಹೆಣ್ಣು ತಿಳಿಹಸಿರಾಗಿಯೇ ಉಳಿಯುತ್ತದೆ. ಒಲ್ಲದ ಹೆಣ್ಣು ಮೈ ಕಪ್ಪಾಗಿಸಿ, ಬಾಯಿ ತೆರೆದು ಬುಸುಗುಡುತ್ತದೆ. ಅದನ್ನು ಆ ಕ್ಷಣವೇ ಹೊರತೆಗೆಯಬೇಕು. ಗಬ್ಬವಾದ ಮೇಲೆ ಹೆಣ್ಣಿನ ಕಡುಬಣ್ಣದ ಮೈಮೇಲೆ ಹಳದಿ, ನೀಲಿ ಚುಕ್ಕೆಗಳೇಳುತ್ತವೆ. ಇನ್ನೊಂದು ಗಂಡು ಹತ್ತಿರ ಬಾರದಿರಲಿ ಎಂಬ ಸೂಚನೆ ಅದು. ಊಸರವಳ್ಳಿ ಬಣ್ಣ ಬದಲಿಸುವುದು ಅಡಗುವುದಕ್ಕೆ ಮಾತ್ರ ಎಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ.

ಕೂಡಿದ 20ರಿಂದ 30 ದಿನಗಳಲ್ಲಿ ಹೆಣ್ಣು ಮರದಿಂದಿಳಿದು ನೆಲ ಕೆದಕತೊಡಗುತ್ತದೆ. ಆ ಹೊತ್ತಿಗೆ ಗೂಡಿನಲ್ಲಿ ಒಂದಡಿ ಆಳದ ಒದ್ದೆ ಮರಳಿನ ತೊಟ್ಟಿ ಸಿದ್ಧವಿರಬೇಕು, ಸುತ್ತ ಮರೆಯೂ ಇರಬೇಕು. ಯಾರಾದರೂ ನೋಡುತ್ತಿದ್ದಾರೆ ಅನ್ನಿಸಿದರೆ ಅಗೆದ ಸುರಂಗವನ್ನೇ ಬಿಟ್ಟು ಬರುವ ಪ್ರಾಣಿ ಇದು. ತಕ್ಕ ಜಾಗ ಸಿಗದಿದ್ದರೆ ಮೊಟ್ಟೆ ಒಳಗೇ ಕಟ್ಟಿಕೊಂಡು ತಾಯಿ ಸಾಯುತ್ತದೆ. ಗಂಡಿನ ಮುಖ ನೋಡದ ಹೆಣ್ಣೂ ಬೀಜವಿಲ್ಲದ ಮೊಟ್ಟೆ ಇಡುವುದರಿಂದ, ಹೆಣ್ಣೊಂದನ್ನೇ ಸಾಕುವವರಿಗೂ ಈ ತೊಟ್ಟಿ ತಪ್ಪಿದ್ದಲ್ಲ. ಒಂದು ಸಲಕ್ಕೆ 20ರಿಂದ 70 ಮೊಟ್ಟೆ, ಕೆಲವೊಮ್ಮೆ ಇನ್ನೂ ಹೆಚ್ಚು. ಯಥೇಚ್ಛ ಮೇವು, ಹೆಚ್ಚು ಬಿಸಿ ಕೊಟ್ಟಷ್ಟೂ ಮೊಟ್ಟೆ ಹೆಚ್ಚುತ್ತದೆ, ತಾಯಿ ಸೊರಗುತ್ತದೆ. ಅನುಭವಸ್ಥರು ಹೆಣ್ಣಿಗೆ ಹಿಡಿತದಲ್ಲೇ ತಿನ್ನಿಸುತ್ತಾರೆ.

ಮೊಟ್ಟೆಗಳನ್ನು ಮೇಲುಕೆಳಗಾಗಿಸದೆ ತೆಗೆದು, ತೇವದ ವರ್ಮಿಕ್ಯುಲೈಟ್ ತುಂಬಿದ ಡಬ್ಬಿಯಲ್ಲಿ 26–28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಮುಂದೆ 6ರಿಂದ 9 ತಿಂಗಳು ಕಾಯುವುದೊಂದೇ ಕೆಲಸ. ಮೊಟ್ಟೆಯಿಟ್ಟಾಗ ಭ್ರೂಣ ತೀರಾ ಎಳೆಯದು. ಮೊದಲಿಗೆ ಬಹುಕಾಲ ಅದು ಬೆಳವಣಿಗೆಯನ್ನೇ ನಿಲ್ಲಿಸಿಕೊಂಡು ಮಲಗಿರುತ್ತದೆ. ಸತ್ತಿದೆಯೆಂದು ತಿಳಿದು ಒಳ್ಳೆಯ ಮೊಟ್ಟೆಯನ್ನೂ ಎಸೆದುಬಿಡುವ ತಪ್ಪು ಆಗುವುದು ಈ ಹಂತದಲ್ಲೇ. ಕಾಲ ಕೂಡಿಬಂದಾಗ ಚಿಪ್ಪಿನ ಮೇಲೆ ಬೆವರಿನಂಥ ಹನಿಗಳು ಮೂಡುತ್ತವೆ, ತುದಿ ಸೀಳುತ್ತದೆ, ಮೂತಿ ಹೊರಬರುತ್ತದೆ. ಉಳಿದ ಹಳದಿಯನ್ನು ಮೈಗೆಳೆದುಕೊಳ್ಳುತ್ತಾ ಮರಿ ಕೆಲವು ಗಂಟೆ ಹಾಗೇ ಕೂರಬಹುದು, ಎಳೆದು ತೆಗೆಯಬಾರದು. ಹಿಂಗಾಲ ಹಿಮ್ಮಡಿಯಲ್ಲಿ ಪುಟ್ಟ ಮುಳ್ಳಿನಂಥ ಉಬ್ಬಿದ್ದರೆ ಗಂಡು.

ನಿಜವಾದ ಕಷ್ಟ ಇಲ್ಲಿಂದ ಶುರು. ಬಾಲ ಸೇರಿ ಬೆರಳುದ್ದದ ಈ ಮರಿಗಳು ನುಂಗುವುದು ಹಾರಲಾರದ ಹಣ್ಣಿನ ನೊಣ, ಎಳ್ಳಿನ ಗಾತ್ರದ ಕ್ರಿಕೆಟ್ ಹುಳು. ಮರಿಯೊಂದು ದಿನಕ್ಕೆ 10 ಹುಳು ತಿಂದರೂ 40 ಮರಿಗೆ 400. ಅಂದರೆ ಊಸರವಳ್ಳಿಗಿಂತ ಮೊದಲು ಹುಳು ಸಾಕಲು ಕಲಿಯಬೇಕು. ಹುಳುಗಳಿಗೆ ಕ್ಯಾಲ್ಸಿಯಂ ಪುಡಿ ಲೇಪಿಸಿ, ಯುವಿಬಿ ದೀಪ ಹಾಕದಿದ್ದರೆ ಮರಿಯ ಎಲುಬು ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ. ಕಿಟಕಿ ಗಾಜಿನಿಂದ ಬರುವ ಬಿಸಿಲು ಈ ಕೆಲಸಕ್ಕಾಗದು. ಬಟ್ಟಲಿನ ನಿಂತ ನೀರನ್ನು ಇವು ಸಾಮಾನ್ಯವಾಗಿ ಮುಟ್ಟವು. ಎಲೆಗಳ ಮೇಲೆ ನೀರು ಸಿಂಪಡಿಸಿದರೆ ಹನಿ ನೆಕ್ಕುತ್ತವೆ. ಎರಡು, ಮೂರು ತಿಂಗಳಾಗುತ್ತಿದ್ದಂತೆ ಒಂದರ ಬಾಲವನ್ನು ಇನ್ನೊಂದು ಕಚ್ಚುತ್ತದೆ. ಆಗ ಬೇಕಾಗುವುದು ಮರಿಗೊಂದು ಗೂಡು.

ಮರಿ ಹೆಚ್ಚಾಯಿತೆಂದು ಹೊರಗೆ ಬಿಡುವುದು ಇನ್ನೂ ದೊಡ್ಡ ಅನಾಹುತ. ಫ್ಲಾರಿಡಾದಲ್ಲೂ ಹವಾಯಿಯ ಮಾವಿ ದ್ವೀಪದಲ್ಲೂ ಈ ಯೆಮೆನ್ ಜಾತಿ ಕಾಡುಪಾಲಾಗಿರುವುದು 2002ರಲ್ಲಿ ಕಂಡುಬಂತು.

ಭಾರತದಲ್ಲಿ ಸಹಜವಾಗಿರುವುದು ಒಂದೇ ಜಾತಿ. ನಮ್ಮ ಹೊಲದ ಬೇಲಿಗಳಲ್ಲಿ ತೂಗಾಡುತ್ತಾ ನಡೆಯುವ ಅದನ್ನು ಹಿಡಿಯುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಯೆಮೆನ್ ಊಸರವಳ್ಳಿ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಇಂಥ ವಿದೇಶಿ ಜೀವಿಗಳನ್ನು ಸಾಕುವವರು 2024ರ ನಿಯಮದಂತೆ ಪರಿವೇಷ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮನೆಯಲ್ಲಿ ಹುಟ್ಟಿದ ಮರಿಗಳ ಲೆಕ್ಕವನ್ನೂ ಅಲ್ಲಿ ಕೊಡಬೇಕು.